ಅಗಲಿದವರ ಲೆಕ್ಕ ಇಡುವವರು ಯಾರು?

ಬೆಂಗಳೂರಿನ ಹೆಸರು ಬರಹದಲ್ಲಿ ಮೊದಲು ಸಿಗುವುದು ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ ಆ ಕಲ್ಲು ಸುಮಾರು ಕ್ರಿ.ಶ. 900ರ ಕಾಲದ್ದು. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಎಂಬುದು ಅದರ ಸಾರ. ಕಾಳಗ ಏಕೆ ನಡೆಯಿತು, ಗೆದ್ದವರು ಯಾರು ಎಂಬ ಗೊಡವೆಗೆ ಅದು ಹೋಗುವುದಿಲ್ಲ. ಒಂದು ಮನೆಯವರಿಗೆ ತಮ್ಮ ಹುಡುಗ ಹೋದದ್ದು ದಾಖಲಾಗಬೇಕಿತ್ತು. ಹೋದದ್ದೆಲ್ಲಿ ಎಂದು ಹೇಳುವಾಗ ಊರಿನ ಹೆಸರೂ ಜೊತೆಗೆ ಬಂತು. ಕೋಟಿ ಮೀರಿದ ಜನರಿರುವ ಮಹಾನಗರ ತನ್ನ ಹಳೆತನಕ್ಕೆ ಇವತ್ತು ತೋರಿಸುವ ಸಾಕ್ಷಿ ಅದೇ.

ಇವತ್ತಿನ ದಿನಪತ್ರಿಕೆಯ ಸ್ಥಳೀಯ ಪುಟ ತೆರೆದರೆ ‘ನಿಧನ’ ಎಂಬ ಅಂಕಣ ಇದ್ದೇ ಇರುತ್ತದೆ. ಅಂಚೆಚೀಟಿಯಷ್ಟು ಭಾವಚಿತ್ರ, ಹೆಸರು, ಆವರಣದಲ್ಲಿ ವಯಸ್ಸು. ‘ಅನಾರೋಗ್ಯದಿಂದ ಬಳಲುತ್ತಿದ್ದರು. ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅಂತ್ಯಕ್ರಿಯೆ ತೋಟದಲ್ಲಿ ನೆರವೇರಿತು.’ ಎಪ್ಪತ್ತೆಂಟು ವರ್ಷ ಬಾಳಿದ ಮನುಷ್ಯನ ಬಗ್ಗೆ ಇದರಿಂದ ತಿಳಿಯುವುದೇನು? ಕಾಯಿಲೆ ಇತ್ತು, ಮಕ್ಕಳಿದ್ದರು, ತೋಟವಿತ್ತು. ಅವರು ಊರಿಗೆ ಏನಾಗಿದ್ದರು ಎಂಬುದು ಸಿಗುವುದಿಲ್ಲ. ಆ ಅಂಕಣದ ನಾಲ್ಕು ಸುದ್ದಿಗಳಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೂ ಓದುಗನಿಗೆ ಗೊತ್ತಾಗಲಾರದು.

ಸಾವಿರ ವರ್ಷಗಳ ಹಿಂದೆ ಉಳಿ ಹಿಡಿದವನಿಗೆ ಇಷ್ಟು ಅವಸರ ಇರಲಿಲ್ಲ. ಊರಿನ ಸಾಮಾನ್ಯ ಮನುಷ್ಯನನ್ನು ಊರು ನೆನಪಿಟ್ಟುಕೊಳ್ಳಬೇಕಾದರೆ ಎರಡು ಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು: ವಿವರ ಮತ್ತು ಏರ್ಪಾಡು. ದುಃಖ ಎಲ್ಲ ಕಾಲದಲ್ಲೂ ಇತ್ತು, ಈಗಲೂ ಇದೆ. ಕಾಣೆಯಾಗಿರುವುದು ಉಳಿದೆರಡು.

ಕೆಳಗಿನಿಂದ ಮೇಲಕ್ಕೆ ಓದಬೇಕಾದ ಬದುಕು

ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಊರ ಹೆಬ್ಬಾಗಿಲಲ್ಲೋ ಕೆರೆ ಏರಿಯ ಮೇಲೋ ವೀರಗಲ್ಲು ಸಿಗುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಹಂತ. ಕೆಳಗಿನ ಹಂತದಲ್ಲಿ ಹೋರಾಟ: ಬಿಲ್ಲು, ಕತ್ತಿ, ಕೆಲವೆಡೆ ಪಕ್ಕದಲ್ಲಿ ದನಗಳ ಸಾಲು. ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಕೈಹಿಡಿದು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಪುಸ್ತಕವನ್ನು ಮೇಲಿನಿಂದ ಓದುವ ನಾವು ಈ ಕಲ್ಲನ್ನು ಬುಡದಿಂದ ಓದಬೇಕು.

ಹಂತಗಳ ನಡುವಿನ ಪಟ್ಟಿಯಲ್ಲಿ ಬರಹವಿದ್ದರೆ ಅದು ಸಾಮಾನ್ಯವಾಗಿ ಲೆಕ್ಕಪತ್ರದಷ್ಟು ಖಚಿತ. ಆಳುತ್ತಿದ್ದ ಅರಸ ಯಾರು, ನಾಡು ಯಾವುದು, ಊರು ಯಾವುದು, ಸತ್ತವನು ಯಾರ ಮಗ, ಏನು ಮಾಡುತ್ತ ಸತ್ತ, ಕಲ್ಲು ನಿಲ್ಲಿಸಿದವರು ಯಾರು. ಸಾವಿನ ಕಾರಣಗಳೂ ಬಗೆಬಗೆ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ತುರುಗಳನ್ನು ಬಿಡಿಸಿಕೊಂಡು ಬಂದು ಸತ್ತವರು, ಊರಿಗೆ ನುಗ್ಗಿದವರನ್ನು ತಡೆದು ಸತ್ತವರು, ಹೆಂಗಸರ ಮೇಲೆ ಕೈಮಾಡಿದವರಿಗೆ ಅಡ್ಡ ನಿಂತು ಸತ್ತವರು, ಗಡಿ ತಂಟೆಯಲ್ಲಿ ಬಿದ್ದವರು, ಹುಲಿ ಹಂದಿಗಳ ಜೊತೆ ಸೆಣಸಿದವರು. ದೊಡ್ಡ ದಂಡಯಾತ್ರೆಯ ವೀರರಿಗಿಂತ ಊರ ದನಕ್ಕಾಗಿ, ಊರ ಗಡಿಗಾಗಿ ಸತ್ತವರು ಇಲ್ಲಿ ಎದ್ದು ಕಾಣುತ್ತಾರೆ. ಪಠ್ಯಪುಸ್ತಕಕ್ಕೆ ಗಂಗರೂ ಹೊಯ್ಸಳರೂ ಸಾಕು. ವೀರಗಲ್ಲಿಗೆ ಅವರ ಕಾಲದ ದನಗಾಹಿಯೂ ಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಅಂಥ ಕಲ್ಲೊಂದು ಮೇಲೆ ಬಂತು. ಗಂಗ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲ್ನಾಡು ಎಂಬ ಸೀಮೆಯ ಮೇಲೆ ರಟ್ಟವಾಡಿಯವರು ಬಂದಾಗ ಕಾದಿ ಸತ್ತ ಕಿತ್ತಯ್ಯನ ನೆನಪಿನ ಕಲ್ಲು. ಮೇಲ್ಸೇತುವೆಯ ಸಂಚಾರ ದಟ್ಟಣೆಗೆ ಹೆಸರಾದ ಜಾಗದಲ್ಲಿ ಹನ್ನೆರಡು ಶತಮಾನ ದಾಟಿದ ಊರಿನ ಹೆಸರೂ ಊರಿನವನೊಬ್ಬನ ಹೆಸರೂ ಒಟ್ಟಿಗೆ ಎದ್ದು ಬಂದವು. ಶಾಸನಗಳ ಹಿಂದೆ ಬಿದ್ದ ಹವ್ಯಾಸಿಗಳು ಅದನ್ನು ಓದಿಸಿದರು. ಅಲ್ಲಿನ ನಿವಾಸಿಗಳು ಮುತುವರ್ಜಿ ವಹಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಕಿತ್ತಯ್ಯನಿಗೂ ಈಗಿನ ನಿವಾಸಿಗಳಿಗೂ ರಕ್ತಸಂಬಂಧವಿಲ್ಲ. ಒಂದೇ ನೆಲದ ನೀರು ಕುಡಿದವರೆಂಬ ನಂಟು ಸಾಕಾಯಿತು.

ಎಲ್ಲ ಕಲ್ಲುಗಳಿಗೂ ಈ ಅದೃಷ್ಟ ಇಲ್ಲ. ಎಷ್ಟೋ ವೀರಗಲ್ಲುಗಳು ಚರಂಡಿಗೆ ಚಪ್ಪಡಿಯಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ. ಇನ್ನು ಕೆಲವಕ್ಕೆ ಎಣ್ಣೆ ಬತ್ತಿ ತಪ್ಪಿಲ್ಲ, ವರ್ಷಕ್ಕೊಮ್ಮೆ ಕೋಳಿಯೂ ಬೀಳುತ್ತದೆ. ಆದರೆ ಅವನು ಯಾರೆಂದು ಕೇಳಿದರೆ ‘ನಮ್ಮ ತಾತನ ಕಾಲದಿಂದ ಪೂಜೆ ಮಾಡ್ಕೊಂಡ್ ಬಂದಿದೀವಿ ಸ್ವಾಮಿ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಮನುಷ್ಯ ದೇವರಾಗಿದ್ದಾನೆ, ಹೆಸರು ಕಳೆದುಕೊಂಡಿದ್ದಾನೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಬಾರದೇ ಹೋಗಿದ್ದರೆ, ಆರ್. ಶೇಷಶಾಸ್ತ್ರಿ, ಷ. ಶೆಟ್ಟರ್ ಅಂಥವರು ಈ ಕಲ್ಲುಗಳ ಮೇಲೆ ವರ್ಷಗಟ್ಟಲೆ ದುಡಿಯದೇ ಇದ್ದಿದ್ದರೆ, ಇನ್ನೂ ಸಾವಿರಾರು ಹೆಸರುಗಳು ಎಣ್ಣೆಯ ಜಿಡ್ಡಿನೊಳಗೇ ಉಳಿಯುತ್ತಿದ್ದವು.

ಆತಕೂರಿನ ನಾಯಿ

ಕಲ್ಲು ನಿಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ಅದನ್ನು ನೋಡಿಕೊಳ್ಳುವವರು ಯಾರು? ಇದಕ್ಕೆ ಅಂದಿನವರು ಕಂಡುಕೊಂಡ ಉತ್ತರ ಜಮೀನು. ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆ, ಕಲ್ನಾಡು ಎಂಬ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದುಡಿಯುವ ಕೈ ಹೋದ ಮನೆಗೆ ಅದು ಅನ್ನದ ದಾರಿ. ಊರಿಗೆ ಅದು ಋಣದ ಒಪ್ಪಿಗೆ. ಗದ್ದೆ ಇರುವ ತನಕ ಅದು ಯಾಕೆ ಬಂತು ಎಂಬ ಮಾತೂ ಇರುತ್ತದೆ.

ಈ ಏರ್ಪಾಡನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಕಲ್ಲು ಮನುಷ್ಯನದಲ್ಲ, ನಾಯಿಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಅದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಒಡೆಯ, ಮೆಚ್ಚಿದೆ, ಬೇಕಾದ್ದು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿಯನ್ನು ಬೆಳತೂರ ಕಡೆಯ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವಿದೆ.

ಗಮನಿಸಬೇಕಾದ್ದು ಕೊನೆಯ ಷರತ್ತು. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ. ನೆನಪು ಇಲ್ಲಿ ಯಾರದೋ ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯವಲ್ಲ. ಅದಕ್ಕೊಂದು ಜಾಗ ಇದೆ, ಹೊಣೆಗಾರನಿದ್ದಾನೆ, ಅವನಿಗೆ ಆದಾಯವಿದೆ, ತಪ್ಪಿದರೆ ದಂಡವಿದೆ. ಊಟಕ್ಕೆ ಕೂರುವ ಮೊದಲು ದಿನಾ ಒಂದು ಸಲ ಕಾಳಿಯ ನೆನಪಾಗಲೇಬೇಕು. ತಕ್ಕೋಲದ ಯುದ್ಧಕ್ಕೆ ಇಂದಿಗೂ ಮುಖ್ಯ ಆಧಾರಗಳಲ್ಲೊಂದು ಈ ನಾಯಿಯ ಕಲ್ಲೇ.

ಕಲ್ಲಿಗೆ ಏರದವರು

ಇಷ್ಟು ಹೊಗಳಿದ ಮೇಲೆ ಕಲ್ಲಿನ ಪಕ್ಷಪಾತವನ್ನೂ ಹೇಳಬೇಕು. ಅದಕ್ಕೆ ಸಾವು ಮುಖ್ಯ, ಬಾಳು ಅಷ್ಟಕ್ಕಷ್ಟೆ. ಐವತ್ತು ವರ್ಷ ಹೊಲ ಉತ್ತು ಹಾಸಿಗೆಯಲ್ಲಿ ಸತ್ತವನಿಗೆ ವೀರಗಲ್ಲಿಲ್ಲ. ಬಸುರಿ ಬಾಣಂತಿಯರನ್ನು ಉಳಿಸಿದ ಸೂಲಗಿತ್ತಿಗೆ ಇಲ್ಲ, ಕೆರೆಗೆ ಮಣ್ಣು ಹೊತ್ತವಳಿಗೆ ಇಲ್ಲ. ಹೆಂಗಸು ಕಲ್ಲಿಗೆ ಬರುವುದು ಹೆಚ್ಚಾಗಿ ಗಂಡನ ಚಿತೆ ಏರಿದಾಗ. ಮಾಸ್ತಿಕಲ್ಲುಗಳಲ್ಲಿ ಬಹಳಷ್ಟರ ಮೇಲೆ ಮುಖವೂ ಇಲ್ಲ: ಕಂಬದಿಂದ ಹೊರಟ ಒಂದು ತೋಳು, ಬಳೆ ತೊಟ್ಟ ಕೈ, ಬೆರಳ ನಡುವೆ ನಿಂಬೆಹಣ್ಣು. ಅವಳು ಯಾರೆಂದು ಕೇಳಿದರೆ ಆ ಕೈ ಉತ್ತರ ಕೊಡುವುದಿಲ್ಲ.

ಹೆಸರಿರುವಲ್ಲಿ ಕಥೆ ಬೇರೆಯೇ ಆಗುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯದು. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ತನ್ನ ದಾಯಾದಿಯೊಬ್ಬನನ್ನು ಕೊಂದ. ಅದಕ್ಕಾಗಿ ಅರಸನ ಕಡೆಯವರು ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ತಂದೆ ರವಿಗನೂ ತಾಯಿಯೂ ಬೇಡವೆಂದು ಬೇಡಿಕೊಂಡರೂ ದೇಕಬ್ಬೆ ಬೆಂಕಿಗೆ ಹೋದಳು. ಸತಿಯನ್ನು ವೈಭವೀಕರಿಸುವುದು 1987ರ ಕಾಯ್ದೆಯ ಪ್ರಕಾರ ಅಪರಾಧ. ಶಾಸನವನ್ನು ಇವತ್ತು ಓದಬೇಕಾದ್ದು ಆ ವೈಭವಕ್ಕಲ್ಲ. ಮಗಳ ಕಾಲಿಗೆ ಬಿದ್ದಷ್ಟು ಅಂಗಲಾಚಿದ ಅಪ್ಪ ಅಮ್ಮನ ಮಾತು ಕಲ್ಲಿನಲ್ಲಿ ಉಳಿದಿದೆಯಲ್ಲ, ಅದಕ್ಕೆ. ಸಾವಿರ ವರ್ಷದ ಹಿಂದಿನ ಮನೆಯೊಂದರ ಜಗುಲಿಯ ಗಲಾಟೆ ನಮಗೆ ಕೇಳಿಸುವುದು ಆ ವಿವರದಿಂದ.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಇನ್ನೊಂದು ಬಗೆಯ ದಫ್ತರ. ಸುಮಾರು ಏಳನೆಯ ಶತಮಾನದಿಂದ ಅಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ಹೆಸರುಗಳನ್ನು ಬಂಡೆಯ ಮೇಲೆ ಕೆತ್ತಿದ್ದಾರೆ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿ ಮೂರು ತಿಂಗಳು ವ್ರತ ನಡೆಸಿ ಮುಡಿಪಿದಳು ಎಂಬಂಥ ಒಂದೆರಡು ಸಾಲು. ಊರು, ಗುರು, ಕಾಲಾವಧಿ. ಪತ್ರಿಕೆಯ ನಿಧನ ಸುದ್ದಿಗಿಂತ ಉದ್ದವಿಲ್ಲ. ಆದರೂ ನಾಗಮತಿಯನ್ನು ಇನ್ನೊಬ್ಬಳೆಂದು ತಪ್ಪು ತಿಳಿಯಲು ಬರುವುದಿಲ್ಲ.

ಎತ್ತಿನ ಮೇಲೆ ಬಂದ ವಂಶಾವಳಿ

ಕಲ್ಲಿಗೆ ಏರದವರನ್ನು ಬಾಯಿ ಉಳಿಸಿತು. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಸುಗ್ಗಿ ಮುಗಿದ ಮೇಲೆ ಬರುವ ಹೆಳವರು ಈ ಕೆಲಸವನ್ನೇ ಕಸುಬಾಗಿ ಮಾಡಿಕೊಂಡ ಸಮುದಾಯ. ಕೊರಳಿಗೆ ಗಂಟೆ ಕಟ್ಟಿದ ಎತ್ತಿನ ಮೇಲೆ ಕೂತು, ಬೆಳಗಿನ ಹೊತ್ತು ಮನೆಯ ಮುಂದೆ ನಿಂತು, ಆ ಮನೆತನದ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಇಳಿಸುತ್ತ ಬರುವುದು ಅವರ ಪದ್ಧತಿ. ಮೂಲಪುರುಷ ಯಾವ ಊರಿಂದ ಬಂದ, ಬರದಲ್ಲೋ ಜಗಳದಲ್ಲೋ ಯಾಕೆ ಊರು ಬಿಟ್ಟ, ಅವನಿಗೆ ಎಷ್ಟು ಮಂದಿ ಮಕ್ಕಳು, ಯಾರು ಎಲ್ಲಿಗೆ ಹೋಗಿ ನೆಲೆ ನಿಂತರು. ಇದೆಲ್ಲ ಅವರ ಬಾಯಲ್ಲೂ ಇರುತ್ತದೆ, ಹೊತ್ತು ತರುವ ಪುಸ್ತಕದಲ್ಲೂ ಇರುತ್ತದೆ. ಹೋದ ಸಲ ಬಂದ ಮೇಲೆ ಮನೆಯಲ್ಲಿ ಹುಟ್ಟಿದವರೆಷ್ಟು, ತೀರಿದವರೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ.

‘ಹೆಳವ ಬಂದಾನ’ ಅಂದರೆ ಮನೆಯ ಮುದುಕಿಯರು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ತಮಗೇ ಮರೆತಿದ್ದ ಮುತ್ತಜ್ಜನ ಹೆಸರು ಅವನ ಬಾಯಲ್ಲಿ ಬಂದಾಗ ಮೊರದಲ್ಲಿ ಜೋಳ ತುಂಬಿ ತರುತ್ತಿದ್ದರು. ಅನುಕೂಲಸ್ಥರು ಬಟ್ಟೆ, ದನ ಕೊಟ್ಟದ್ದೂ ಉಂಟು. ಇಲ್ಲಿಯೂ ಆತಕೂರಿನದೇ ಲೆಕ್ಕ: ನೆನಪಿಡುವವನ ಹೊಟ್ಟೆ ತುಂಬಿದರೆ ನೆನಪು ಉಳಿಯುತ್ತದೆ. ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಒಕ್ಕಲು ಮಕ್ಕಳು ಪಟ್ಟಣ ಸೇರಿದ್ದಾರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಎತ್ತು ಒಳಗೆ ಬಿಡುವ ಸೆಕ್ಯುರಿಟಿ ಯಾರೂ ಇಲ್ಲ.

ಇನ್ನೊಂದು ಬಾಯಿಲೆಕ್ಕ ಹೆಂಗಸರದು. ಹೆಣದ ಸುತ್ತ ಕೂತು ಹಾಡ್ಯಾಡಿ ಅಳುವುದನ್ನು ಕೇಳಿದವರಿಗೆ ಗೊತ್ತು, ಅದು ಬರೀ ಅಳುವಲ್ಲ. ಸತ್ತವಳು ತನಗೆ ಯಾವ ಹಬ್ಬಕ್ಕೆ ಯಾವ ಬಣ್ಣದ ಕುಬಸ ಹೊಲಿಸಿದ್ದಳು, ಬರದ ವರ್ಷ ಯಾರ ಮನೆಗೆ ಕದ್ದು ಹಿಟ್ಟು ಕಳಿಸಿದ್ದಳು, ಮೈದುನನ ಜೊತೆ ಎಷ್ಟು ವರ್ಷ ಮಾತು ಬಿಟ್ಟಿದ್ದಳು, ಸೊಸೆಗೆ ಕೊಟ್ಟ ಕಾಟವೇನು, ಕೊನೆಗಾಲದಲ್ಲಿ ಅದೇ ಸೊಸೆ ಮಾಡಿದ ಸೇವೆಯೇನು, ಎಲ್ಲ ಅದರಲ್ಲಿ ಬರುತ್ತದೆ. ಅಳುವವಳು ಸತ್ತವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾಳೆ, ಬೈಯುತ್ತಾಳೆ, ಬಾಕಿ ಉಳಿದ ಜಗಳ ಮುಗಿಸುತ್ತಾಳೆ. ಹೊಗಳಿಕೆಯೂ ಆಕ್ಷೇಪವೂ ಒಂದೇ ಉಸಿರಿನಲ್ಲಿ ಬರುವುದರಿಂದಲೇ ಅದು ನಿಜವಾದ ಚರಿತ್ರೆ. ಆದರೆ ಹೆಣ ಎತ್ತಿದ ಮೇಲೆ ಅದರ ಒಂದು ಸಾಲೂ ಎಲ್ಲೂ ದಾಖಲಾಗುವುದಿಲ್ಲ.

ನಮೂನೆ 2 ಮತ್ತು ಎಡೆಯಲ್ಲಿಟ್ಟ ಬೀಡಿ

ಸರ್ಕಾರವೂ ಸತ್ತವರ ಲೆಕ್ಕ ಇಡುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಮರಣ ನೋಂದಾಯಿಸಬೇಕು. ಮರಣ ಪತ್ರ ಇಲ್ಲದೆ ಬ್ಯಾಂಕಿನ ಹಣ ಬಿಡಿಸಲು ಬರುವುದಿಲ್ಲ, ಪೌತಿ ಖಾತೆ ಆಗುವುದಿಲ್ಲ. ಬಹುಕಾಲ ಬಳಕೆಯಲ್ಲಿದ್ದ ವರದಿ ನಮೂನೆ 2ರಲ್ಲಿ ಎರಡು ಭಾಗ. ಕಾನೂನು ಭಾಗದಲ್ಲಿ ಹೆಸರು, ತಂದೆ ತಾಯಿ, ವಯಸ್ಸು, ಸತ್ತ ಸ್ಥಳ. ಅಂಕಿಅಂಶದ ಭಾಗದಲ್ಲಿ ಉದ್ಯೋಗ, ಸಾವಿನ ಕಾರಣ, ಜೊತೆಗೆ ಕೆಲವು ಕುತೂಹಲದ ಪ್ರಶ್ನೆಗಳು: ಧೂಮಪಾನದ ಅಭ್ಯಾಸವಿದ್ದರೆ ಎಷ್ಟು ವರ್ಷ? ತಂಬಾಕು ಜಗಿಯುತ್ತಿದ್ದರೆ ಎಷ್ಟು ವರ್ಷ? ಅಡಿಕೆ? ಮದ್ಯ?

ಆರೋಗ್ಯ ಇಲಾಖೆಗೆ ಇವು ಬೇಕಾದ ಪ್ರಶ್ನೆಗಳೇ. ಆದರೆ ಅಂಕಿಅಂಶದ ಭಾಗವನ್ನು ಬೇರ್ಪಡಿಸಿ ಮೇಲಕ್ಕೆ ಕಳಿಸುತ್ತಾರೆ. ಕಾನೂನು ಭಾಗ ರಿಜಿಸ್ಟರಿನಲ್ಲಿ ಉಳಿಯುತ್ತದೆ. ಅಂದರೆ ಹೆಸರು ಒಂದು ಕಡೆ, ಅವನು ಮಾಡುತ್ತಿದ್ದ ಕೆಲಸ ಇನ್ನೊಂದು ಕಡೆ. ಬೀಡಿ ಸೇದಿದ ವರ್ಷಗಳು ರಾಜ್ಯದ ಕೋಷ್ಟಕದಲ್ಲಿ ಒಂದು ಅಂಕಿಯಾಗುತ್ತವೆ. ಬೀಡಿ ಸೇದುತ್ತ ಅವನು ರಾತ್ರಿಯೆಲ್ಲ ಊರ ತೂಬು ಕಾಯುತ್ತಿದ್ದ ಎಂಬುದಕ್ಕೆ ಆ ಕಾಗದದಲ್ಲಿ ಕಾಲಂ ಇಲ್ಲ.

ಅದೇ ಬೀಡಿಯನ್ನು ಮನೆಯವರು ಹೇಗೆ ನೆನಪಿಟ್ಟಿದ್ದಾರೆ ನೋಡಿ. ಹಳೆ ಮೈಸೂರು ಸೀಮೆಯಲ್ಲಿ ಪಿತೃಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ಗೋಡೆಗೆ ಒರಗಿಸಿಟ್ಟ ಫೋಟೊ, ಕಳಶ, ಮಡಿಸಿಟ್ಟ ಹೊಸ ಪಂಚೆ, ಸೀರೆ. ಮುಂದೆ ಬಾಳೆಲೆ ಹಾಸಿ ಎಡೆ. ಎಡೆಯಲ್ಲಿ ಏನಿರಬೇಕು ಎಂಬುದನ್ನು ಶಾಸ್ತ್ರಕ್ಕಿಂತ ಹೆಚ್ಚಾಗಿ ಸತ್ತವರ ನಾಲಗೆಯೇ ನಿರ್ಧರಿಸುತ್ತದೆ. ಅಜ್ಜನಿಗೆ ನಾಟಿಕೋಳಿ ಸಾರು, ಮುದ್ದೆ, ಒಂದು ಕ್ವಾರ್ಟರ್, ಅವನು ಸೇದುತ್ತಿದ್ದ ಅದೇ ಬೀಡಿ ಕಟ್ಟು. ಬೇರೆ ಬೀಡಿ ತಂದರೆ ‘ಅವಪ್ಪ ಇದ ಮುಟ್ತಿರ್ಲಿಲ್ಲ, ತಗೊಂಡೋಗಿ ಬದಲಾಯಿಸ್ಕೊಂಡ್ ಬಾ’ ಎಂದು ಅಂಗಡಿಗೆ ವಾಪಸ್ ಓಡಿಸುತ್ತಾರೆ. ಅಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಮಗುವಾಗಿ ಹೋದದ್ದಿದ್ದರೆ ಅದಕ್ಕೆ ಬಿಸ್ಕತ್ತು, ಚಾಕೊಲೇಟು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಬರುತ್ತಾರೆ. ಆಮೇಲೆ ಮೊಮ್ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಆ ಮನೆಯ ಚರಿತ್ರೆ ಹೊರಬೀಳುತ್ತದೆ. ಕೊಡಗಿನಲ್ಲಿ ಐನ್‌ಮನೆಯ ಹಿರಿಯರಿಗೆ ಕೈಮಡದಲ್ಲಿ ಮಾಂಸ ಮದ್ಯ ಇಟ್ಟು ಕಾರಣರನ್ನು ನೆನೆಯುತ್ತಾರೆ. ತುಳುನಾಡಿನಲ್ಲಿ ಸತ್ತವರ ಆತ್ಮಗಳಾದ ಕುಲೆಗಳಿಗೆ ಬಡಿಸುತ್ತಾರೆ. ನವೆಂಬರ್ 2ರಂದು ಕ್ರೈಸ್ತರು ಸಮಾಧಿ ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಪದ್ಧತಿ ಬೇರೆ, ವರ್ಷಕ್ಕೊಂದು ದಿನ ಕಟ್ಟಿಟ್ಟಿರುವುದು ಎಲ್ಲ ಕಡೆ ಒಂದೇ.

ಹೆಸರಿಡುವುದೂ ಇಂಥದೇ ಏರ್ಪಾಡು. ಮಾವನ ಹೆಸರನ್ನು ಮಗನಿಗೆ ಇಟ್ಟ ಸೊಸೆ ಆ ಹೆಸರು ಹಿಡಿದು ಕರೆಯುವಂತಿಲ್ಲ, ಬೈಯುವಂತೆಯೂ ಇಲ್ಲ. ಹಾಗಾಗಿ ಮೂರು ವರ್ಷದ ತುಂಟ ಮನೆಯಲ್ಲಿ ‘ಅಯ್ಯ’ ಆಗಿಬಿಡುತ್ತಾನೆ.

ಆದರೆ ಮನೆಯ ಎಡೆ ಮೂರನೆಯ ತಲೆಮಾರಿಗೆ ಮಸುಕಾಗುತ್ತದೆ. ಮುತ್ತಜ್ಜ ಯಾವ ಬೀಡಿ ಸೇದುತ್ತಿದ್ದ ಎಂದು ಹೇಳುವವರು ತೀರಿದ ಮೇಲೆ ಅವನು ‘ಹಿರಿಯರು’ ಎಂಬ ಗುಂಪಿಗೆ ಸೇರಿಹೋಗುತ್ತಾನೆ. ಅಲ್ಲಿಂದ ಮುಂದಕ್ಕೆ ಮನೆ ಸಾಲದು, ಊರು ಬೇಕು.

ಫ್ಲೆಕ್ಸಿನ ಮೂರು ದಿನ, ದತ್ತಿಯ ಮೂವತ್ತು ವರ್ಷ

ಊರು ಈಗ ಫ್ಲೆಕ್ಸ್ ಹಾಕುತ್ತದೆ. ಬಸ್ ನಿಲ್ದಾಣದ ಎದುರು ‘ಭಾವಪೂರ್ಣ ಶ್ರದ್ಧಾಂಜಲಿ’, ‘ಮತ್ತೆ ಹುಟ್ಟಿ ಬನ್ನಿ’. ಸತ್ತವರ ಚಿತ್ರಕ್ಕಿಂತ ಕೆಳಗಿನ ಸಾಲಿನಲ್ಲಿ ಮುಖಂಡರ ಚಿತ್ರ ಹೆಚ್ಚು. ತೀರಿಕೊಂಡ ಮೇಷ್ಟ್ರು ಎಷ್ಟು ವರ್ಷ ಪಾಠ ಮಾಡಿದರು ಎಂಬುದು ಅದರಲ್ಲಿ ಇರುವುದಿಲ್ಲ. ಯಾವ ಬಳಗ ಹಾಕಿಸಿತು ಎಂಬುದು ದಪ್ಪಕ್ಷರದಲ್ಲಿ ಇರುತ್ತದೆ. ಮೂರು ದಿನಕ್ಕೆ ಗಾಳಿಗೆ ಹರಿಯುತ್ತದೆ, ಆಮೇಲೆ ಯಾರದೋ ಹುಲ್ಲಿನ ಬಣವೆಗೆ ಹೊದಿಕೆ.

ಇದಕ್ಕಿಂತ ಗಟ್ಟಿ ರೂಢಿಯೊಂದು ನಮ್ಮಲ್ಲಿದೆ, ಅದನ್ನು ಯಾರೂ ದೊಡ್ಡದು ಮಾಡಿ ಹೇಳುವುದಿಲ್ಲ. ಹಳ್ಳಿ ಶಾಲೆಯ ಚಾವಣಿ ನೋಡಿ: ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ‘ದಿ.’ ಎಂದು ಶುರುವಾಗುವ ಹೆಸರು. ದೇವಸ್ಥಾನದ ಮೆಟ್ಟಿಲ ಮೇಲೆ, ಬಸ್ ತಂಗುದಾಣದ ಹಣೆಯ ಮೇಲೆ, ಸಮುದಾಯ ಭವನದ ಸ್ಟೀಲ್ ಕೊಳಗದ ಅಂಚಿನಲ್ಲಿ ‘ಜ್ಞಾಪಕಾರ್ಥ’. ನಡು ಬೇಸಿಗೆಯಲ್ಲಿ ಗಾಳಿ ಬಂದರೆ ಮಕ್ಕಳು ಆ ಹೆಸರು ತಿರುಗುವುದನ್ನೇ ನೋಡುತ್ತ ಕೂರುತ್ತಾರೆ. ಕರೆಂಟು ಹೋದಾಗ ಮಾತ್ರ ಅದನ್ನು ಓದಲು ಬರುತ್ತದೆ.

ಇದರ ಮುಂದುವರಿದ ರೂಪ ದತ್ತಿ. ತೀರಿಕೊಂಡವರ ಹೆಸರಿನಲ್ಲಿ ಮನೆಯವರು ಒಂದು ಮೊತ್ತವನ್ನು ಠೇವಣಿ ಇಡುತ್ತಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸವೋ ಬಹುಮಾನವೋ ನಡೆಯುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಇಂಥ ದತ್ತಿಗಳು ಬಹಳ. ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಕೊಡುವ ನಗದು ಬಹುಮಾನದ ಹಿಂದೆ ಸಾಮಾನ್ಯವಾಗಿ ಒಬ್ಬ ಅಜ್ಜಿಯೋ ಒಬ್ಬ ಮೇಷ್ಟ್ರೋ ಇರುತ್ತಾರೆ. ಕಲ್ನಾಡಿನ ಗದ್ದೆಯ ಜಾಗಕ್ಕೆ ಬ್ಯಾಂಕಿನ ಠೇವಣಿ ಬಂದಿದೆ, ಅಷ್ಟೆ. ಏರ್ಪಾಡು ಪಕ್ಕಾ ಇದೆ. ಇಲ್ಲಿ ಕೊರತೆ ಬೀಳುವುದು ವಿವರಕ್ಕೆ. ಬಹುಮಾನ ತೆಗೆದುಕೊಂಡ ಹುಡುಗಿಗೆ ಆ ಹೆಸರಿನ ಅಜ್ಜಿ ಯಾರೆಂದು ಯಾರೂ ಹೇಳುವುದಿಲ್ಲ. ಅಜ್ಜಿ ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳು, ಅದಕ್ಕೇ ಮಗ ಈ ಬಹುಮಾನ ಇಟ್ಟ ಎಂದು ನಿರೂಪಕರು ಒಂದು ಸಾಲು ಹೇಳಿದರೂ ಆ ಹುಡುಗಿ ಆ ಹೆಸರನ್ನು ಮರೆಯಲಾರಳು.

ಏರ್ಪಾಡೂ ಇಲ್ಲದೆ ವಿವರವೂ ಇಲ್ಲದೆ ಹೋದರೆ ಏನಾಗುತ್ತದೆಂದು 2021ರಲ್ಲಿ ಕಂಡೆವು. ಕೋವಿಡ್ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದ ಅಸ್ಥಿಗಳು ಉಳಿದವು. ಆ ಜೂನ್‌ನಲ್ಲಿ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ರಾಜ್ಯ ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಕಂದಾಯ ಸಚಿವರು ನಿಂತು ಕ್ರಿಯೆ ನಡೆಸಿದರು. ಕ್ರಿಯೆಯೇನೋ ಆಯಿತು. ಆ ಅಲೆಯಲ್ಲಿ ಹೋದ ಆಟೊ ಚಾಲಕರು, ಆಶಾ ಕಾರ್ಯಕರ್ತೆಯರು, ಚುನಾವಣಾ ಕೆಲಸಕ್ಕೆ ಹೋಗಿ ಬಂದ ಮೇಷ್ಟ್ರುಗಳು, ಇವರಲ್ಲಿ ಹೆಚ್ಚಿನವರಿಗೆ ಹನ್ನೊಂದನೆಯ ದಿನದ ಜನವೂ ಸೇರಲಿಲ್ಲ. ಜನ ಸೇರದಿದ್ದರೆ ಅನ್ನ ಉಳಿಯುತ್ತದೆ, ನಿಜ, ಮಾತೂ ಉಳಿದುಹೋಗುತ್ತದೆ.

ಒಬ್ಬರಿಗೆ ಒಂದು ಪುಟ

ವಿವರದ ವಿಷಯದಲ್ಲಿ ಕನ್ನಡ ಬರಹಗಾರರು ನಮಗೆ ದಾರಿ ಹಾಕಿಕೊಟ್ಟಿದ್ದಾರೆ. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ದಿವಾನರೂ ಇದ್ದಾರೆ, ಊರ ವೈದಿಕರೂ ಇದ್ದಾರೆ, ದೊಡ್ಡ ಹುದ್ದೆ ಏನೂ ಇಲ್ಲದ ಹೃದಯವಂತರೂ ಇದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ನಮ್ಮ ಊರಿನ ರಸಿಕರು’ ಎಂದು ಊರಿನವರನ್ನೇ ಪುಸ್ತಕ ಮಾಡಿದರು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಕಲ್ಲಿಗೂ ಫ್ಲೆಕ್ಸಿಗೂ ಎಂದೂ ಏರದ ಕೇರಿಯ ಜನರನ್ನು ನಗುನಗುತ್ತಲೇ ಚರಿತ್ರೆಗೆ ಸೇರಿಸಿತು. ಇವರು ಯಾರೂ ‘ಸರಳ ಸಜ್ಜನಿಕೆಯ ಮೂರ್ತಿ’ ಎಂದು ಬರೆದು ಕೈ ತೊಳೆದುಕೊಳ್ಳಲಿಲ್ಲ. ಒಬ್ಬೊಬ್ಬರ ನಡೆ, ನುಡಿ, ಸಿಟ್ಟು, ಚಟ, ಅವರು ಮಾಡಿದ ಒಂದು ಕೆಲಸ, ಇವನ್ನು ಹಿಡಿದರು.

ಇದನ್ನು ಮಾಡಲು ಡಿವಿಜಿಯೇ ಆಗಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಅಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕ ಇಟ್ಟು, ಊರಲ್ಲಿ ಯಾರೇ ತೀರಿಕೊಂಡರೂ ಅವರಿಗೆ ಒಂದು ಪುಟ ಎಂದು ನಿಗದಿ ಮಾಡಿದರೆ ಖರ್ಚು ಒಂದು ಫ್ಲೆಕ್ಸಿಗಿಂತ ಕಡಿಮೆ. ಬರೆಯುವ ಕೆಲಸ ಹೈಸ್ಕೂಲು ಮಕ್ಕಳದು. ಕೇಳಬೇಕಾದ ಪ್ರಶ್ನೆಗಳು ವೀರಗಲ್ಲಿನಷ್ಟೇ ಹಳೆಯವು: ಯಾರ ಮಗ, ಯಾರ ಮಗಳು? ಈ ಊರಿಗೆ ಹೇಗೆ ಬಂದರು? ಕೈಯಲ್ಲಿ ಯಾವ ಕೆಲಸ ಇತ್ತು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು? ಅವರು ನೆಟ್ಟ ಮರ, ತೋಡಿದ ಬಾವಿ, ಕಟ್ಟಿದ ಗೋಡೆ ಯಾವುದು? ಯಾವುದಕ್ಕೆ ಸಿಟ್ಟು ಬರುತ್ತಿತ್ತು? ಯಾವ ಮಾತನ್ನು ಪದೇ ಪದೇ ಹೇಳುತ್ತಿದ್ದರು? ಎಡೆಗೆ ಏನು ಇಡಬೇಕು? ಹೇಳಿದವರ ಹೆಸರನ್ನೂ ಕೊನೆಯಲ್ಲಿ ಬರೆಯಬೇಕು. ಕಲ್ಲು ನಿಲ್ಲಿಸಿದವನ ಹೆಸರು ಕಲ್ಲಿನಲ್ಲೇ ಇರುತ್ತಿತ್ತಲ್ಲ, ಹಾಗೆ.

ಎರಡು ಎಚ್ಚರಿಕೆ ಬೇಕು. ಒಂದು, ಮನೆಯವರ ಒಪ್ಪಿಗೆ. ಕಾಯಿಲೆ, ಸಾಲ, ಸಂಸಾರದ ತಂಟೆ ಊರ ಪುಸ್ತಕಕ್ಕೆ ಬರಬೇಕಿಲ್ಲ. ಎರಡು, ಯಾರನ್ನೂ ಬಿಡಬಾರದು. ಮೇಲಿನ ಕೇರಿಯವರಿಗೆ ಎರಡು ಪುಟ, ಕೆಳಗಿನ ಕೇರಿಯವರಿಗೆ ಎರಡು ಸಾಲು ಆದರೆ ಅದು ಹಳೆಯ ಕಲ್ಲಿನ ಪಕ್ಷಪಾತವನ್ನೇ ಹೊಸ ಕಾಗದಕ್ಕೆ ಇಳಿಸಿದಂತೆ. ಊರಿಗೆ ಕೂಲಿಗೆ ಬಂದು ಇಲ್ಲೇ ತೀರಿಕೊಂಡ ರಾಯಚೂರಿನವನಿಗೂ ಬಿಹಾರದವನಿಗೂ ಅಷ್ಟೇ ಪುಟ ಸಲ್ಲಬೇಕು.

ಬರೆಯುವುದಕ್ಕೆ ಸರಿಯಾದ ದಿನವೂ ಗೊತ್ತಿರುವುದೇ. ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾ ನೋಡಿದವರಿಗೆ ನೆನಪಿರಬಹುದು, ನೂರೊಂದು ವರ್ಷದ ಸೆಂಚುರಿ ಗೌಡನ ಹನ್ನೊಂದನೆಯ ದಿನಕ್ಕೆ ಊರಿಗೆ ಊರೇ ಊಟಕ್ಕೆ ಸೇರುತ್ತದೆ. ಹಾಲು ತುಪ್ಪದ ದಿನ ದುಃಖ ಹಸಿ. ವರ್ಷಾಬ್ದಿಕಕ್ಕೆ ಬರುವವರು ಕಡಿಮೆ. ತಿಥಿಯ ದಿನ ಮಾತ್ರ ಶಾಮಿಯಾನದ ಕೆಳಗೆ ಬಾಲ್ಯದ ಗೆಳೆಯ, ಒಡನೆ ದುಡಿದವನು, ಸಾಲ ಕೊಟ್ಟವನು, ಜಗಳ ಆಡಿದವನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಸಿಗುತ್ತಾರೆ, ಅವರ ಮಾತಿನಲ್ಲಿ ಸತ್ತವರು ಬಿಟ್ಟರೆ ಬೇರೆ ವಿಷಯ ಇರುವುದಿಲ್ಲ. ಆ ಸಂತೆ ಮತ್ತೆ ಅದೇ ರೀತಿ ಕೂಡುವುದಿಲ್ಲ. ಪುಸ್ತಕ ಹಿಡಿದ ಹುಡುಗಿಯನ್ನು ಕೈ ತೊಳೆಯುವ ಜಾಗದ ಬಳಿ ಕೂರಿಸಿ. ಊಟ ಮುಗಿಸಿ ಬಂದವರೆಲ್ಲ ಒಂದೊಂದು ಸಂಗತಿ ಹೇಳಿಯೇ ಎಲೆ ಅಡಿಕೆ ತೆಗೆದುಕೊಳ್ಳಲಿ.